ಬೆಲೆ ಕಟ್ಟುವ ಮೊದಲು ಪಾಲು ಗೊತ್ತಾಗಬೇಕು: ದುರ್ಗ–ದಾವಣಗೆರೆ ಸೀಮೆಯ ನೀರಿನ ಲೆಕ್ಕ

ಮಳೆ ಕೈಕೊಟ್ಟ ವರ್ಷಗಳಲ್ಲಿ ದಾವಣಗೆರೆ ಜಿಲ್ಲೆಯ ರೈತರ ಗಮನವೆಲ್ಲ ಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿಯ ಸಭೆಯ ಮೇಲಿರುತ್ತದೆ. 2023ರ ಮುಂಗಾರಿನಲ್ಲಿ ಸತತ ನೂರು ದಿನ ನಾಲೆಗೆ ನೀರು ಹರಿಸುವುದಾಗಿ ಮೊದಲು ತೀರ್ಮಾನವಾಯಿತು. ಅದನ್ನು ನಂಬಿ ಭತ್ತ ನಾಟಿ ಮಾಡಿದ ಮೇಲೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ‘ಆನ್ ಆ್ಯಂಡ್ ಆಫ್’ ಪದ್ಧತಿ ಬಂತು, ದಾವಣಗೆರೆಯ ರೈತರು ಬೀದಿಗಿಳಿದರು. ಅದೇ ಹೊತ್ತಿಗೆ ಮೇಲ್ಭಾಗದ ಅಡಿಕೆ ಬೆಳೆಗಾರರು ಈಗಲೇ ನೀರು ಖಾಲಿ ಮಾಡಿದರೆ ಬೇಸಿಗೆಯಲ್ಲಿ ತೋಟ ಉಳಿಯುವುದಿಲ್ಲ, ಆದ್ದರಿಂದ ಜಲಾಶಯದಲ್ಲಿ ನೀರು ಉಳಿಸಬೇಕು ಎಂದು ಪಟ್ಟು ಹಿಡಿದಿದ್ದರು. ಎರಡೂ ಕಡೆಯವರ ಮಾತಿನಲ್ಲಿ ನ್ಯಾಯವಿತ್ತು. ಒಣಗುವ ಭತ್ತದ ಗದ್ದೆಯಲ್ಲಿ ಹೋಗುವುದು ಒಂದು ಹಂಗಾಮಿನ ದುಡಿಮೆ. ಒಣಗುವ ಅಡಿಕೆ ತೋಟದಲ್ಲಿ ಹತ್ತಾರು ವರ್ಷಗಳ ದುಡಿಮೆ ಹೋಗುತ್ತದೆ. ಆದರೆ ಯಾರಿಗೆ ಎಷ್ಟು ಎಂದು ತೀರ್ಮಾನಿಸುವ ಒಪ್ಪಿತ ನಿಯಮ ಯಾವುದೂ ಅವರ ಮುಂದಿರಲಿಲ್ಲ, ಹೀಗಾಗಿ ಧರಣಿ, ಬಂದ್ ಮತ್ತು ಸಚಿವರ ಮನೆಯ ಬಾಗಿಲುಗಳೇ ನಿಯಮದ ಸ್ಥಾನದಲ್ಲಿ ನಿಂತವು.

ನಾಲೆಯಿಂದ ಹೊರಗಿರುವ ಒಣಭೂಮಿಯಲ್ಲಿ ಅದೇ ಬರದ ವರ್ಷ ಬೇರೊಂದು ರೂಪ ತಾಳಿತು. ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳಲ್ಲಿ ಬೋರುಗಳು ನಿಂತುಹೋದ ತೋಟಗಳಿಗೆ ಟ್ಯಾಂಕರ್‌ಗಳಲ್ಲಿ ನೀರು ಹೊಡೆಸಿ ಅಡಿಕೆ ಗಿಡ ಉಳಿಸಿಕೊಳ್ಳುವ ಯತ್ನ 2024ರ ಬೇಸಿಗೆಯುದ್ದಕ್ಕೂ ನಡೆಯಿತು. ಬೋರಿನಲ್ಲಿ ಇನ್ನೂ ನೀರಿದ್ದವನು ಮಾರುತ್ತಿದ್ದ, ಇಲ್ಲದವನು ಕೊಳ್ಳುತ್ತಿದ್ದ. ದರವನ್ನು ಕೊರತೆಯೇ ನಿಗದಿ ಮಾಡುತ್ತಿತ್ತು. ನೀರನ್ನು ಮಾರುಕಟ್ಟೆಗೆ ಬಿಡಬೇಕೋ ಬೇಡವೋ ಎಂದು ವಿಚಾರ ಸಂಕಿರಣಗಳಲ್ಲಿ ಚರ್ಚೆ ಆಗುತ್ತಲೇ ಇದೆ. ಚಿತ್ರದುರ್ಗ, ದಾವಣಗೆರೆ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ನೀರು ಮಾರುಕಟ್ಟೆಗೆ ಬಂದು ಬಹಳ ಕಾಲವಾಗಿದೆ. ಯಾರ ನೀರನ್ನು ಯಾರು ಮಾರುತ್ತಿದ್ದಾರೆ ಎಂಬುದನ್ನು ಮಾತ್ರ ಯಾರೂ ಕೇಳುತ್ತಿಲ್ಲ.

ನೀರಿನ ನಿರ್ವಹಣೆಯ ಬಗ್ಗೆ ಜಗತ್ತಿನಲ್ಲಿ ಎರಡು ದೊಡ್ಡ ವಿಚಾರಧಾರೆಗಳಿವೆ. ನೀರಿಗೆ ಆರ್ಥಿಕ ಮೌಲ್ಯವಿದೆ, ಅದನ್ನು ಆರ್ಥಿಕ ವಸ್ತುವೆಂದೇ ಗುರುತಿಸಬೇಕು ಎಂಬ ಮಾತು 1992ರಲ್ಲಿ ಡಬ್ಲಿನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅಧಿಕೃತವಾಗಿ ಬಂತು. ಬಿಟ್ಟಿ ಸಿಕ್ಕಿದ್ದನ್ನು ಮನುಷ್ಯ ಪೋಲು ಮಾಡುತ್ತಾನೆ, ಬೆಲೆ ಕೊಟ್ಟಾಗ ಲೆಕ್ಕ ಹಾಕುತ್ತಾನೆ ಎಂಬುದು ಇದರ ಹಿಂದಿನ ನಂಬಿಕೆ. ಇನ್ನೊಂದು ಕಡೆ, 2010ರ ಜುಲೈನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಶುದ್ಧ ಕುಡಿಯುವ ನೀರು ಮಾನವ ಹಕ್ಕು ಎಂದು ಘೋಷಿಸಿತು. ಅದಕ್ಕೆ ಒಂದು ವರ್ಷ ಮೊದಲು ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಆಸ್ಟ್ರೋಮ್, ಸ್ಪೇನ್, ನೇಪಾಳ, ಫಿಲಿಪ್ಪೀನ್ಸ್‌ನಂಥ ದೇಶಗಳಲ್ಲಿ ರೈತರೇ ನಡೆಸಿಕೊಂಡು ಬಂದ ನೀರಾವರಿ ವ್ಯವಸ್ಥೆಗಳನ್ನು ಪರಿಶೀಲಿಸಿ, ಸರ್ಕಾರದ ದಂಡವೂ ಮಾರುಕಟ್ಟೆಯ ಬೆಲೆಯೂ ಇಲ್ಲದೆ ಜನ ತಾವೇ ನಿಯಮ ಮಾಡಿಕೊಂಡು ಶತಮಾನಗಳ ಕಾಲ ನೀರು ಹಂಚಿಕೊಂಡಿದ್ದಾರೆಂದು ತೋರಿಸಿದ್ದರು. ಈ ಎರಡು ಧಾರೆಗಳಲ್ಲಿ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬೈಯುವುದು ಸುಲಭ. ಅದಕ್ಕಿಂತ ಮೊದಲು ನಮ್ಮ ಕಾಲ ಕೆಳಗಿನ ನೆಲದ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು.

ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಚಳ್ಳಕೆರೆಯಲ್ಲಿ ಇನ್ನೂ ಕಡಿಮೆ. ಇಲ್ಲಿಯ ನೆಲ ಗಟ್ಟಿ ಶಿಲೆಯದು. ಅಡಿಯಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ. ಇಂಥ ನೆಲದಲ್ಲಿ ಬಿದ್ದ ಮಳೆಯ ಹತ್ತನೇ ಒಂದು ಭಾಗ ಇಂಗಿದರೆ ಅದೇ ದೊಡ್ಡದು. ಹಾಗೆಂದುಕೊಂಡರೂ ಒಂದು ಎಕರೆಯಲ್ಲಿ ವರ್ಷಕ್ಕೆ ಇಂಗುವುದು ಸುಮಾರು 2.4 ಲಕ್ಷ ಲೀಟರ್. ಈಗ ಅದೇ ಎಕರೆಯಲ್ಲಿ ಒಂಬತ್ತು ಅಡಿಗೊಂದರಂತೆ ಅಡಿಕೆ ಹಾಕಿದರೆ 530ಕ್ಕೂ ಹೆಚ್ಚು ಗಿಡ ಕೂರುತ್ತವೆ. ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್‌ನಷ್ಟು ಬೇಕು. ಅಂದರೆ ದಿನಕ್ಕೆ ಹತ್ತು ಸಾವಿರ ಲೀಟರ್‌ಗೂ ಮೇಲೆ, ನಾಲ್ಕು ತಿಂಗಳ ಬೇಸಿಗೆಗೆ 12ರಿಂದ 13 ಲಕ್ಷ ಲೀಟರ್. ಒಂದು ಎಕರೆ ತೋಟ ಒಂದು ಬೇಸಿಗೆ ದಾಟಲು ಐದು ಎಕರೆಗೂ ಹೆಚ್ಚಿನ ನೆಲದಲ್ಲಿ ಇಂಗಿದ ವರ್ಷವಿಡೀ ನೀರು ಬೇಕಾಯಿತು. ಮಳೆಗಾಲ ಮುಗಿದ ಮೇಲಿನ ಉಳಿದ ತಿಂಗಳುಗಳ ನೀರನ್ನು ಇಲ್ಲಿ ಹಿಡಿದೇ ಇಲ್ಲ.

ಆ ಐದು ಎಕರೆ ಯಾರದ್ದು? ಪಕ್ಕದ ಹೊಲದಲ್ಲಿ ಮೆಕ್ಕೆಜೋಳ, ರಾಗಿ, ಶೇಂಗಾ, ಈರುಳ್ಳಿ ಬೆಳೆಯುವವನದು, ಊರ ಗೋಮಾಳದ್ದು, ಅರಣ್ಯ ಇಲಾಖೆಯದ್ದು, ಕೆರೆಯಂಗಳದ್ದು. ಬೋರು ಕೊರೆಸದವನ ಹೊಲದಲ್ಲಿ ಇಂಗಿದ ನೀರು ಬೋರು ಕೊರೆಸಿದವನ ತೋಟಕ್ಕೆ ಹೋಗುತ್ತದೆ, ಅವನಿಂದ ಟ್ಯಾಂಕರ್‌ನವನಿಗೆ, ಅಲ್ಲಿಂದ ಇನ್ನೊಂದು ತೋಟಕ್ಕೆ. ಈ ಸರಪಳಿಯಲ್ಲಿ ಹಣ ಕೈ ಬದಲಾಗುವುದು ಎರಡು ಕಡೆ. ಮೊದಲ ಮಾಲೀಕನಾದ ಒಣಬೇಸಾಯಗಾರನಿಗೆ, ಊರಿಗೆ, ಏನೂ ಬರುವುದಿಲ್ಲ. ತನ್ನ ಪಾಲು ಹೋಯಿತೆಂದು ಅವನಿಗೆ ತಿಳಿಯುವುದೂ ಇಲ್ಲ, ಏಕೆಂದರೆ ಅವನಿಗೊಂದು ಪಾಲಿದೆ ಎಂದು ಯಾವ ಕಾಗದದಲ್ಲೂ ಬರೆದಿಲ್ಲ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದಿಂದ ಭೂಮಿಯ ಒಡೆಯನೇ ಅದರ ಅಡಿಯ ನೀರನ್ನು ಎತ್ತಬಹುದು ಎಂಬ ತಿಳಿವಳಿಕೆ ನಡೆದು ಬಂದಿದೆ. ತೆರೆದ ಬಾವಿ, ಏತ, ಕಪಿಲೆಗಳ ಕಾಲದಲ್ಲಿ ಎತ್ತಿನ ಬಲ, ಮನುಷ್ಯನ ಬಲ ಎಷ್ಟೋ ಅಷ್ಟೇ ನೀರು ಮೇಲೆ ಬರುತ್ತಿತ್ತು, ಆಗ ಆ ನಿಯಮದಿಂದ ಹೆಚ್ಚು ಹಾನಿ ಆಗುತ್ತಿರಲಿಲ್ಲ. ತಿರುಚೆಂಗೋಡಿನ ಬೋರ್‌ವೆಲ್ ಲಾರಿಗಳು ಊರೂರಿಗೆ ಬಂದು ಸಾವಿರ ಅಡಿ ಇಳಿಯತೊಡಗಿದ ಮೇಲೆ ಅದೇ ನಿಯಮ ಯಾರ ಕೈಯಲ್ಲಿ ಸಾಲ ಮಾಡುವ ಶಕ್ತಿ ಇದೆಯೋ ಅವರಿಗೆ ಊರಿನ ನೀರನ್ನೆಲ್ಲ ಒಪ್ಪಿಸಿಕೊಟ್ಟಿತು.

ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಇದನ್ನು ರೈತರಿಗೆ ಸಿಕ್ಕ ದೊಡ್ಡ ನೆರವೆಂದು ಹೇಳುವವರ ಮಾತು ಸುಳ್ಳಲ್ಲ. ಅದಿಲ್ಲದೆ ಎಷ್ಟೋ ಕುಟುಂಬಗಳು ಊರು ಬಿಡುತ್ತಿದ್ದವು. ಆದರೆ ಈ ನೆರವು ಬೋರು ಇದ್ದವರಿಗೆ ಮಾತ್ರ ತಲುಪುತ್ತದೆ, ಅದರಲ್ಲೂ ಹೆಚ್ಚು ಆಳದಿಂದ ಹೆಚ್ಚು ನೀರು ಎತ್ತುವವರಿಗೆ ಹೆಚ್ಚು ತಲುಪುತ್ತದೆ. ಬೋರು ಫೇಲಾದ ದಿನ ಸರ್ಕಾರದ ನೆರವೂ ಅವನ ಪಾಲಿಗೆ ನಿಂತುಹೋಗುತ್ತದೆ, ಉಳಿಯುವುದು ಬೋರು ಕೊರೆಸಲು ಮಾಡಿದ ಸಾಲ. ಇಲ್ಲಿ ಮಾರುಕಟ್ಟೆವಾದಿಗಳು ಹೇಳುವುದರಲ್ಲಿ ಸತ್ಯಾಂಶವಿದೆ ಎಂದು ನಾನು ಒಪ್ಪುತ್ತೇನೆ. ನೀರೆತ್ತುವ ಖರ್ಚು ಸೊನ್ನೆಯಾದಾಗ ಐದೆಕರೆಯ ನೀರು ಕುಡಿಯುವ ಬೆಳೆಯೂ ಲಾಭದ ಬೆಳೆಯಾಗಿಯೇ ಕಾಣುತ್ತದೆ. ನಾಲೆಯ ನೀರಿನದೂ ಅದೇ ಕಥೆ: ನೀರಿನ ಕರ ಎಕರೆಯ ಮೇಲೆ, ಬೆಳೆಯ ಮೇಲೆ ಬೀಳುತ್ತದೆಯೇ ಹೊರತು ಗದ್ದೆಗೆ ಹರಿದ ನೀರಿನ ಮೇಲೆ ಬೀಳುವುದಿಲ್ಲ. ಹೀಗಿರುವಾಗ ಗದ್ದೆಯಲ್ಲಿ ಒಂದು ಗೇಣು ನೀರು ನಿಲ್ಲಿಸಿದವನೂ ನಾಲ್ಕು ಬೆರಳು ನಿಲ್ಲಿಸಿದವನೂ ಕಟ್ಟುವ ಹಣ ಒಂದೇ.

ಹಾಗಾದರೆ ಹಳೆಯ ಕೆರೆಗಳ ಕಾಲದಲ್ಲಿ ಏನಿತ್ತು? ಈ ಸೀಮೆ ಕೆರೆಗಳ ಸೀಮೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಎರಡೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು ಹರವಿನದು, ಶತಮಾನಗಳ ಹಿಂದೆ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಮಾಡಿದ್ದು. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ–ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವ ಏರ್ಪಾಡನ್ನು ಇಂದಿಗೂ ನಡೆದು ನೋಡಬಹುದು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ನೆನೆಯುವುದು ಪವಾಡಗಳಿಗಾಗಿ ಎಷ್ಟೋ ಕೆರೆ ಕಟ್ಟಿಸಿದ್ದಕ್ಕಾಗಿಯೂ ಅಷ್ಟೇ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ದುಡಿಮೆಗೂ ಪಾಲಿಗೂ ಗಂಟು ಹಾಕುತ್ತದೆ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿದವರಿಗೆ ಬಿಟ್ಟುಕೊಡುತ್ತಿದ್ದ ಬಿತ್ತುವಟ್ಟ, ಕಟ್ಟುಕೊಡಿಗೆ ಎಂಬ ದತ್ತಿಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅಂದರೆ ಹಳೆಯ ವ್ಯವಸ್ಥೆಯಲ್ಲೂ ನೀರು ಬಿಟ್ಟಿ ಇರಲಿಲ್ಲ. ಅದರ ಬೆಲೆಯನ್ನು ಹೂಳು ಎತ್ತುವ ದಿನದ ಆಳಾಗಿ, ಏರಿಗೆ ಹಾಕುವ ಮಣ್ಣಾಗಿ, ಸುಗ್ಗಿಯಲ್ಲಿ ನೀರಗಂಟಿಗೆ ಅಳೆದು ಕೊಡುವ ಕಾಳಾಗಿ ತೀರಿಸುತ್ತಿದ್ದರು.

ನೀರಗಂಟಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಸಮುದಾಯದ ನಿರ್ವಹಣೆ ಎಂದು ನಾವು ದೊಡ್ಡ ಮಾತಿನಲ್ಲಿ ಹೇಳುವುದು ನಿಜಕ್ಕೂ ನಡೆಯುತ್ತಿದ್ದದ್ದು ಅವನ ಕೈಯಲ್ಲಿ. ತೂಬನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಯಾವ ಮಡೆ ಕಟ್ಟಿ ಯಾವುದನ್ನು ಒಡೆಯಬೇಕು ಎಂಬುದು ಅವನಿಗೆ ಬಿಟ್ಟದ್ದು. ರಾತ್ರಿ ಯಾರಾದರೂ ಸರದಿ ಮೀರಿ ಮಡೆ ತಿರುವಿದರೆ ಬೆಳಗಿನ ಹೊತ್ತಿಗೆ ಕೆಳಗದ್ದೆಯ ಪೈರಿನ ಬುಡ ನೋಡಿಯೇ ಅವನು ಹೇಳಬಲ್ಲವನಾಗಿದ್ದ. ಹೆಚ್ಚಿನ ಕಡೆ ಅವನಿಗೆ ಕೆರೆಯ ನೀರು ಹರಿಯುವ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇರುತ್ತಿರಲಿಲ್ಲ. ನೀರು ಹಂಚುವವನಿಗೆ ಆ ನೀರಿನಲ್ಲಿ ಸ್ವಾರ್ಥವಿರಬಾರದು ಎಂಬ ಎಚ್ಚರ ಇದರಲ್ಲಿ ಇತ್ತು ಎಂದು ಹಲವರು ಮೆಚ್ಚಿ ಹೇಳುತ್ತಾರೆ. ಆದರೆ ಅವನಿಗೆ ಗದ್ದೆ ಇರದಿದ್ದುದಕ್ಕೆ ಜಾತಿಯೂ ಕಾರಣ. ಇಡೀ ಊರಿನ ಗದ್ದೆಗೆ ನೀರು ಕೊಟ್ಟ ಅದೇ ಮನುಷ್ಯ ಎಷ್ಟೋ ಊರುಗಳಲ್ಲಿ ಮೇಲ್ಕೇರಿಯ ಸೇದುವ ಬಾವಿಯಲ್ಲಿ ಒಂದು ಕೊಡ ನೀರು ಸೇದುವಂತಿರಲಿಲ್ಲ. ಸಮುದಾಯದ ಮೌಲ್ಯಗಳನ್ನು ಹೊಗಳುವ ಬರಹಗಳು ಇದನ್ನು ದಾಟಿ ಹೋಗುತ್ತವೆ, ಹಾಗೆ ದಾಟಿ ಹೋಗುವುದು ಅನ್ಯಾಯ. ಕೆರೆಯ ಮುಂದೆ ಕೂತು ತೀರ್ಮಾನ ಮಾಡುತ್ತಿದ್ದವರು ಅಚ್ಚುಕಟ್ಟುದಾರರು. ಹೆಂಗಸರಿಗೆ, ಭೂಮಿ ಇಲ್ಲದವರಿಗೆ, ಕುರಿ ಸಾಕುವವರಿಗೆ ಅಲ್ಲಿ ಬಾಯಿ ಇರಲಿಲ್ಲ. ಹಳೆಯದನ್ನು ಇದ್ದ ಹಾಗೇ ಮರಳಿ ತರಬೇಕೆನ್ನುವ ವಾದವನ್ನು ನಾನು ಒಪ್ಪುವುದಿಲ್ಲ.

ಆದರೂ ಅದರಲ್ಲಿದ್ದ ಒಂದು ಗುಣ ಇಂದಿನ ಯಾವ ವ್ಯವಸ್ಥೆಯಲ್ಲೂ ಇಲ್ಲ. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಏರಿಯ ಮೇಲೆ ನಿಂತ ಎಲ್ಲರಿಗೂ ಕಾಣುತ್ತಿತ್ತು. ಅರ್ಧ ತುಂಬಿದ ಕೆರೆಯನ್ನು ನೋಡಿದ ಮೇಲೆ ಇಡೀ ಅಚ್ಚುಕಟ್ಟಿಗೆ ಭತ್ತ ಹಾಕುವ ಮಾತನ್ನು ಯಾರೂ ಆಡುತ್ತಿರಲಿಲ್ಲ. ಶ್ರೀಲಂಕಾದ ಒಣವಲಯದ ಕೆರೆಗಳಲ್ಲಿ ಇಂಥ ಸಂದರ್ಭಕ್ಕೆ ‘ಬೆತ್ಮ’ ಎಂಬ ಪದ್ಧತಿಯಿದೆ: ನೀರು ಕಡಿಮೆಯಾದ ವರ್ಷ ಕೆರೆಗೆ ಹತ್ತಿರದ ಗದ್ದೆಗಳಷ್ಟನ್ನೇ ಸಾಗು ಮಾಡುವುದು, ಆ ಗದ್ದೆಗಳನ್ನು ಆ ಹಂಗಾಮಿಗೆ ಮಾತ್ರ ಎಲ್ಲ ರೈತರೂ ಹಂಚಿಕೊಳ್ಳುವುದು. ಕೊನೆಯ ಗದ್ದೆಯವನು ಬರಕ್ಕೆ ಒಬ್ಬನೇ ತಲೆ ಕೊಡಬೇಕಾಗಿಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ಪ್ರತಿ ಬರಗಾಲದಲ್ಲೂ ದಾವಣಗೆರೆ, ಹರಿಹರ ಭಾಗದ ಕೊನೆಯ ರೈತರು ಒಬ್ಬರೇ ತಲೆ ಕೊಡುತ್ತಿದ್ದಾರೆ. ಮೇಲ್ಭಾಗದಲ್ಲಿ ನಾಲೆಗೆ ಪಂಪ್ ಇಟ್ಟು, ಪೈಪು ಎಳೆದು, ಅಚ್ಚುಕಟ್ಟಿನಾಚೆಯ ತೋಟಗಳಿಗೆ ನೀರು ಒಯ್ಯುವುದನ್ನು ತಡೆಯಲು ಸರ್ಕಾರ 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತರಬೇಕಾಗಿ ಬಂತು. ಕಾನೂನು ಬೇಕಿತ್ತು, ಬಂದದ್ದು ಒಳ್ಳೆಯದಾಯಿತು. ಆದರೆ ನೂರಾರು ಕಿಲೋಮೀಟರ್ ಉದ್ದದ ನಾಲೆ ಮತ್ತು ಅದರ ಕವಲುಗಳ ಮೇಲೆ ಇಲಾಖೆಯ ಕೆಲವೇ ಸಿಬ್ಬಂದಿ ರಾತ್ರಿಯೆಲ್ಲ ಕಣ್ಣಿಡುವುದು ಆಗದ ಕೆಲಸ. ನಾಲೆಯ ಉದ್ದಕ್ಕೂ ಇರುವ ರೈತರೇ ಕಾವಲಾಗಬೇಕು, ಹಾಗೆ ಕಾವಲಾಗಲು ಕಾದ ನೀರು ತಮ್ಮ ಗದ್ದೆಗೇ ಬರುತ್ತದೆಂಬ ಖಾತರಿ ಅವರಿಗಿರಬೇಕು. ನೀರು ಬಳಕೆದಾರರ ಸಹಕಾರ ಸಂಘಗಳನ್ನು ಕಾನೂನಿನ ಮೂಲಕ ಮಾಡಿದ್ದು ಇದಕ್ಕಾಗಿಯೇ. ಹಲವು ಸಂಘಗಳಿಗೆ ಗೇಟಿನ ಕೀಲಿಯೂ ಸಿಗಲಿಲ್ಲ, ತಮ್ಮ ಪಾಲಿನ ನೀರು ಇಂತಿಷ್ಟು ಎಂಬ ಮಾತೂ ಸಿಗಲಿಲ್ಲ. ಅಧಿಕಾರ ಕೊಡದೆ ಮಾಡಿದ ಸಂಘ ಸೋತಾಗ ಸಮುದಾಯದ ನಿರ್ವಹಣೆಯೇ ಸೋತಿತು ಎಂದು ಹೇಳುವುದು ಸರಿಯಲ್ಲ.

ಕುಡಿಯುವ ನೀರಿನ ಮಾತು ಬೇರೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಪ್ರಮಾಣ ಲೀಟರ್‌ಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಬೋರಿನ ಆಳ ಹೆಚ್ಚಿದಂತೆ ಬಂಡೆಯೊಡನೆ ಹೆಚ್ಚು ಕಾಲ ಇದ್ದ ನೀರು ಮೇಲೆ ಬರುವುದರಿಂದ ಈ ತೊಂದರೆ ಹಲವು ಕಡೆ ಹೆಚ್ಚುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು ಶುದ್ಧ ಕುಡಿಯುವ ನೀರಿನ ಘಟಕಗಳು. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತದೆ, ಅಂದರೆ ಲೀಟರ್‌ಗೆ 25 ಪೈಸೆ. ಇದನ್ನು ಹೋಲಿಸಿ ನೋಡಿ: 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ನೀರಿನ ಬಿಕ್ಕಟ್ಟಿನ ಹೊತ್ತಿಗೆ ಅಲ್ಲಿಯ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರ್ ಟ್ಯಾಂಕರ್‌ಗೆ ನಿಗದಿ ಮಾಡಿದ ದರ ಸಾವಿರ ರೂಪಾಯಿ, ಅಂದರೆ ಲೀಟರ್‌ಗೆ ಸುಮಾರು ಎಂಟು ಪೈಸೆ. ಕೂಲಿಯಿಂದ ಬಂದು ಕ್ಯಾನ್ ಹೊತ್ತು ಸಾಲಿನಲ್ಲಿ ನಿಲ್ಲುವ ಹೆಣ್ಣುಮಗಳು ನೀರಿಗೆ ಬೆಲೆ ಕೊಡುತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. ಶುದ್ಧೀಕರಣಕ್ಕೆ ಖರ್ಚಿದೆ ಎಂಬುದನ್ನು ಒಪ್ಪಿದರೂ, ಅದೇ ಊರಿನ ಅಂತರ್ಜಲವನ್ನು ಲಕ್ಷಗಟ್ಟಲೆ ಲೀಟರ್ ಎತ್ತುವ ತೋಟಕ್ಕೆ ನೀರು ಪೂರ್ತಿ ಬಿಟ್ಟಿ, ಕುಡಿಯುವವರಿಗೆ ಮಾತ್ರ ಕಾಸು ಎಂಬ ಏರ್ಪಾಡಿಗೆ ಯಾವ ಅರ್ಥಶಾಸ್ತ್ರದಲ್ಲೂ ಸಮರ್ಥನೆ ಸಿಗುವುದಿಲ್ಲ. ಬೆಲೆ ಇರಬೇಕಾದ ಕಡೆ ಇಲ್ಲ, ಇರಬಾರದ ಕಡೆ ಇದೆ.

ಮಾರುಕಟ್ಟೆಯನ್ನು ಪೂರ್ಣ ಮನಸ್ಸಿನಿಂದ ಒಪ್ಪಿಕೊಂಡ ದೇಶಗಳಲ್ಲಿ ಏನಾಯಿತು ಎಂಬುದನ್ನೂ ನೋಡಬೇಕು. ಆಸ್ಟ್ರೇಲಿಯಾದ ಮರ್ರೆ–ಡಾರ್ಲಿಂಗ್ ನದಿ ಕಣಿವೆಯಲ್ಲಿ ನೀರಿನ ಹಕ್ಕನ್ನು ಭೂಮಿಯಿಂದ ಬೇರ್ಪಡಿಸಿ, ಷೇರುಗಳಂತೆ ಕೊಂಡು ಮಾರಲು ಅವಕಾಶ ಮಾಡಿದರು. ಬರದ ವರ್ಷಗಳಲ್ಲಿ ಒಂದು ಹಂಗಾಮಿನ ಮಟ್ಟಿಗೆ ಭತ್ತ ಬಿಟ್ಟು ತಮ್ಮ ಪಾಲಿನ ನೀರನ್ನು ಹಣ್ಣಿನ ತೋಟದವರಿಗೆ ಮಾರಿದ ರೈತರಿಗೆ ಕೈಗೆ ಹಣ ಬಂತು, ತೋಟಗಳೂ ಉಳಿದವು. ನಮ್ಮ ಭತ್ತ ಮತ್ತು ಅಡಿಕೆಯ ಜಗಳಕ್ಕೆ ಇದು ನೇರ ಉತ್ತರದಂತೆ ಕಾಣುತ್ತದೆ. ಆದರೆ ಎರಡು ಸಂಗತಿಗಳನ್ನು ಬಿಡಬಾರದು. ಆ ಕಣಿವೆಯಲ್ಲಿ ವ್ಯಾಪಾರ ಬೆಳೆಯುವ ಮೊದಲೇ, 1995ರಲ್ಲಿ, ನದಿಯಿಂದ ಎತ್ತುವ ನೀರಿಗೆ ಒಟ್ಟು ಮಿತಿ ಹಾಕಿದ್ದರು. ಪ್ರತಿಯೊಬ್ಬರ ಪಾಲೂ ದಾಖಲೆಯಲ್ಲಿತ್ತು, ಅಳೆಯುವ ಮೀಟರುಗಳೂ ಬಂದವು. ಇಷ್ಟೆಲ್ಲ ಇದ್ದೂ, 2021ರಲ್ಲಿ ಆ ದೇಶದ ಸ್ಪರ್ಧಾ ಮತ್ತು ಗ್ರಾಹಕ ಆಯೋಗ ಮಾರುಕಟ್ಟೆಯನ್ನು ವಿಚಾರಣೆ ಮಾಡಿದಾಗ ದಲ್ಲಾಳಿಗಳ ಮೇಲೆ ಸರಿಯಾದ ಹಿಡಿತವಿಲ್ಲ, ಮಾಹಿತಿ ಎಲ್ಲರಿಗೂ ಸಮನಾಗಿ ಸಿಗುತ್ತಿಲ್ಲ ಎಂಬ ಗಂಭೀರ ಲೋಪಗಳು ಹೊರಬಂದವು. ದೊಡ್ಡ ಬಂಡವಾಳದ ಬಾದಾಮಿ ತೋಟಗಳು ನೀರು ಕೊಂಡಾಗ ಭತ್ತದ, ಹೈನುಗಾರಿಕೆಯ ಊರುಗಳು ಸೊರಗಿದವು ಎಂಬ ದೂರು ಇಂದಿಗೂ ಇದೆ. ಹಕ್ಕು ಮಾರಿದವನಿಗೆ ಹಣ ಬಂದರೂ, ಅವನ ಊರಿನ ಕೂಲಿಯವನಿಗೆ, ಅಂಗಡಿಯವನಿಗೆ ಏನೂ ಬರುವುದಿಲ್ಲ.

ಚಿಲಿ ದೇಶ ಇನ್ನೂ ಮುಂದೆ ಹೋಗಿ 1981ರ ಸಂಹಿತೆಯಲ್ಲಿ ನೀರಿನ ಹಕ್ಕನ್ನು ಶಾಶ್ವತ ಖಾಸಗಿ ಆಸ್ತಿಯಾಗಿಸಿತು. ಪೆಟೋರ್ಕಾ ಪ್ರಾಂತದ ಗುಡ್ಡಗಳ ಮೇಲೆ ರಫ್ತಿಗಾಗಿ ಬೆಣ್ಣೆಹಣ್ಣಿನ ತೋಟಗಳು ಹಸಿರಾಗಿ ನಿಂತಾಗ ಕೆಳಗಿನ ಊರುಗಳ ಜನ ಕುಡಿಯುವ ನೀರಿಗೆ ಟ್ಯಾಂಕರ್ ಕಾಯಬೇಕಾಯಿತು. ಕಡೆಗೆ 2022ರಲ್ಲಿ ಆ ಸಂಹಿತೆಯನ್ನು ತಿದ್ದಿ, ಕುಡಿಯುವ ನೀರಿಗೆ ಮೊದಲ ಆದ್ಯತೆ ಕೊಟ್ಟರು, ಹೊಸ ಹಕ್ಕುಗಳಿಗೆ ಮೂವತ್ತು ವರ್ಷಗಳ ಅವಧಿ ಹಾಕಿದರು. ಹೊಸದುರ್ಗ, ಹೊಳಲ್ಕೆರೆಯ ಇಳಿಜಾರುಗಳಲ್ಲಿ ಏಳುತ್ತಿರುವ ತೋಟಗಳನ್ನು ನೋಡುವವರು ಪೆಟೋರ್ಕಾದ ಕಥೆಯನ್ನು ಓದಬೇಕು.

ಮಹಾರಾಷ್ಟ್ರದ ಪುರಂದರ ತಾಲ್ಲೂಕಿನಲ್ಲಿ 1972ರ ಭೀಕರ ಬರದ ನಂತರ ವಿಲಾಸರಾವ್ ಸಾಳುಂಖೆ ಆರಂಭಿಸಿದ ಪಾನಿ ಪಂಚಾಯತ್ ನನಗೆ ಈ ಎಲ್ಲಕ್ಕಿಂತ ಹತ್ತಿರದ್ದಾಗಿ ಕಾಣುತ್ತದೆ. ಅಲ್ಲಿ ನೀರಿನ ಪಾಲು ಭೂಮಿಯ ಲೆಕ್ಕದಲ್ಲಿ ಇರಲಿಲ್ಲ, ಮನೆಯ ತಲೆಗಳ ಲೆಕ್ಕದಲ್ಲಿತ್ತು: ತಲೆಗೆ ಅರ್ಧ ಎಕರೆಯ ನೀರು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಯದು. ಭೂಮಿ ಇಲ್ಲದವರಿಗೂ ಪಾಲಿತ್ತು. ಕಬ್ಬು ಬೆಳೆಯುವಂತಿರಲಿಲ್ಲ. ಜಮೀನು ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗುತ್ತಿರಲಿಲ್ಲ. ಸದಸ್ಯರು ಯೋಜನೆಯ ಖರ್ಚಿನಲ್ಲಿ ತಮ್ಮ ಪಾಲಿನ ಹಣವನ್ನೂ ಹಾಕಬೇಕಿತ್ತು. ಸಮುದಾಯದ ನಿಯಮ ಎಂದರೆ ಬೆಲೆಯೇ ಇಲ್ಲ ಎಂದಲ್ಲ ಎಂಬುದನ್ನು ಇದು ತೋರಿಸಿತು. ಅಹ್ಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರ್‌ನಲ್ಲಿ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಗ್ರಾಮಸಭೆಯಲ್ಲಿ ನೀರಿನ ಆಯವ್ಯಯ ಓದಿ, ಎಷ್ಟು ಮಳೆ ಬಂದಿದೆಯೋ ಅದಕ್ಕೆ ತಕ್ಕ ಬೆಳೆ ನಿರ್ಧರಿಸುತ್ತಾರೆ. ನೀರಾವರಿಗೆ ಬೋರು ಕೊರೆಸುವುದನ್ನು ಊರೇ ನಿಷೇಧಿಸಿಕೊಂಡಿದೆ. ಇಂಥ ಊರುಗಳು ಒಬ್ಬ ಗಟ್ಟಿ ನಾಯಕನ ಮೇಲೆ ನಿಂತಿರುತ್ತವೆ, ಎಲ್ಲ ಕಡೆ ಆಗುವುದಿಲ್ಲ ಎಂಬ ಟೀಕೆಯಿದೆ, ಆ ಟೀಕೆಯಲ್ಲಿ ಬಲವೂ ಇದೆ. ಅದಕ್ಕಾಗಿಯೇ ನಿಯಮಕ್ಕೆ ಕಾನೂನಿನ ಬೆನ್ನು ಬೇಕು. ಅಟಲ್ ಭೂಜಲ ಯೋಜನೆಯಡಿ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಹಲವು ಗ್ರಾಮ ಪಂಚಾಯಿತಿಗಳಲ್ಲಿ ಜಲ ಭದ್ರತಾ ಯೋಜನೆಗಳನ್ನು ಬರೆದದ್ದುಂಟು. ಊರಿನಲ್ಲಿ ಎಷ್ಟು ನೀರು ಇಂಗುತ್ತದೆ, ಎಷ್ಟು ಎತ್ತುತ್ತಾರೆ ಎಂಬ ಲೆಕ್ಕ ಮೊದಲ ಬಾರಿಗೆ ಕಾಗದಕ್ಕೆ ಬಂತು. ಆದರೆ ಲೆಕ್ಕದಲ್ಲಿ ಕೊರತೆ ಕಂಡಾಗ ಹೊಸ ಬೋರಿಗೆ ಬೇಡ ಎನ್ನುವ ಅಧಿಕಾರ ಪಂಚಾಯಿತಿಗೆ ಇಲ್ಲ. 2011ರ ರಾಜ್ಯ ಅಂತರ್ಜಲ ಕಾಯ್ದೆಯ ಪ್ರಕಾರ ಆ ಅನುಮತಿ ಜಿಲ್ಲಾ ಮಟ್ಟದ ಸಮಿತಿಯ ಕೈಯಲ್ಲಿದೆ. ಹೊಲದ ಬದುವಿನಲ್ಲಿ ರಾತ್ರೋರಾತ್ರಿ ನಿಲ್ಲುವ ಲಾರಿ ಜಿಲ್ಲಾ ಕಚೇರಿಗೆ ಕಾಣುವುದಿಲ್ಲ, ಪಕ್ಕದ ಹೊಲದವನಿಗೆ ಕಾಣುತ್ತದೆ.

ಹಳ್ಳಿಯಿಂದ ಪೇಟೆಗೆ ಹೋಗುವ ನೀರಿನ ವಿಷಯದಲ್ಲಂತೂ ನಮ್ಮಲ್ಲಿ ಲೆಕ್ಕವೇ ಇಲ್ಲ. ಚಿತ್ರದುರ್ಗ ನಗರ ಕುಡಿಯುವುದು ಸೂಳೆಕೆರೆಯ ಮತ್ತು ವಾಣಿವಿಲಾಸ ಸಾಗರದ ನೀರನ್ನು. 1907ರಲ್ಲಿ ಕಟ್ಟಿ ಮುಗಿಸಿದ, 30 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ) ಸಾಮರ್ಥ್ಯದ ಈ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಜಲಾಶಯ, 1933ರಲ್ಲಿ ಒಮ್ಮೆ ಕೋಡಿ ಬಿದ್ದು, ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿತು. ಈಚಿನ ಸಂಭ್ರಮ ನಿಜವಾದದ್ದೇ, ಹಿರಿಯೂರಿನ ತೆಂಗು, ಅಡಿಕೆ ತೋಟಗಳು ಒಣಗಿ ನಿಂತದ್ದನ್ನು ಕಂಡವರು ಬಾಗಿನ ಅರ್ಪಿಸುವಾಗ ಕಣ್ಣೀರು ಹಾಕಿದರೆ ಆಶ್ಚರ್ಯವಿಲ್ಲ. ಆದರೆ ತುಂಬದ ವರ್ಷಗಳಲ್ಲಿ ಜಲಾಶಯದ ನೀರನ್ನು ಕುಡಿಯಲು ಮೀಸಲಿಟ್ಟಾಗ ನಾಲೆ ಬಂದ್ ಆದ ರೈತನಿಗೆ ಪೇಟೆಯವರು ಏನು ಕೊಡುತ್ತಾರೆ? ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂಬುದನ್ನು ಆ ರೈತನೂ ಪ್ರಶ್ನಿಸುವುದಿಲ್ಲ. ಪ್ರಶ್ನೆಯಿರುವುದು ಕೈದೋಟಕ್ಕೆ, ವಾಹನ ತೊಳೆಯಲಿಕ್ಕೆ, ಹೋಟೆಲು ಮತ್ತು ಕೈಗಾರಿಕೆಗಳಿಗೆ ಹೋಗುವ ನೀರಿನ ಬಗ್ಗೆ. ಇಲ್ಲಿ ಬೆಲೆಯ ಉಪಾಯ ಸರಿಯಾಗಿ ಕೂರುತ್ತದೆ: ಮನೆಗೆ ಅಗತ್ಯವಾದಷ್ಟು ನೀರು ಅಗ್ಗವಾಗಿ ಸಿಗಲಿ, ಅದನ್ನು ಮೀರಿದ ಬಳಕೆಗೆ ಏರುವ ದರವಿರಲಿ, ಆ ಹಣದ ಒಂದು ಭಾಗ ಜಲಾಶಯದ ಅಚ್ಚುಕಟ್ಟಿನ ಸಂಘಗಳಿಗೆ, ಕೆರೆಯ ಒತ್ತುವರಿ ತೆರವಿಗೆ, ಹೂಳು ಎತ್ತುವುದಕ್ಕೆ ಹೋಗಲಿ.

ನದಿಯಿಂದ ಕೆರೆ ತುಂಬಿಸುವ ಯೋಜನೆಗಳು ಈ ಭಾಗದಲ್ಲಿ ದೊಡ್ಡ ಆಸೆ ಮೂಡಿಸಿವೆ. ದಾವಣಗೆರೆಯ 22 ಕೆರೆಗಳ ಯೋಜನೆ, ಸಿರಿಗೆರೆಯ ಸ್ವಾಮೀಜಿಯವರ ಒತ್ತಾಸೆಯಿಂದ ಬಂದ ಜಗಳೂರಿನ 57 ಕೆರೆಗಳ ಯೋಜನೆ, ಭರಮಸಾಗರದ ಏತ ನೀರಾವರಿ, ಎಲ್ಲವೂ ತುಂಗಭದ್ರೆಯ ನೀರನ್ನು ಒಣಭೂಮಿಗೆ ಎತ್ತುತ್ತವೆ. ಜಗಳೂರಿನಂಥ ತಾಲ್ಲೂಕಿನಲ್ಲಿ ಕೆರೆಗೆ ನೀರು ಬಂದದ್ದನ್ನು ನೋಡುವುದು ಎಂಥವರಿಗೂ ಹೃದಯ ತುಂಬುವ ವಿಷಯ. ಆದರೆ ಈ ನೀರು ಮಾರುಕಟ್ಟೆಯ ಬೆಲೆಗೂ ಸಮುದಾಯದ ನಿಯಮಕ್ಕೂ ಸೇರದೆ ನಿಂತಿದೆ. ಜನರ ಖಜಾನೆಯ ಹಣದಿಂದ ಎತ್ತಿದ ನೀರು ಕೆರೆಯಲ್ಲಿ ಇಂಗಿ ಸುತ್ತಲ ಬೋರುಗಳಿಗೆ ಸೇರುತ್ತದೆ. ಬೋರಿನಲ್ಲಿ ನೀರು ಬಂತೆಂದು ಹೊಸ ತೋಟ ಏಳುತ್ತದೆ. ಮುಂದಿನ ಬರಕ್ಕೆ ಆ ತೋಟಕ್ಕೂ ನೀರು ಬೇಕೆಂಬ ಹೊಸ ಬೇಡಿಕೆ ಹುಟ್ಟುತ್ತದೆ. ಕೆರೆ ತುಂಬುವ ದಿನವೇ, ಈ ನೀರಿನಲ್ಲಿ ಇಷ್ಟು ದನಕರುಗಳಿಗೆ, ಇಷ್ಟು ಕುಡಿಯಲು, ಇಷ್ಟು ಸಾಗುವಳಿಗೆ ಎಂದು ಗ್ರಾಮಸಭೆಯಲ್ಲಿ ಬರೆದು ಒಪ್ಪಿದ್ದರೆ ಮಾತು ಬೇರೆಯಾಗುತ್ತಿತ್ತು.

ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅದೇ ತಪ್ಪು ದೊಡ್ಡ ಪ್ರಮಾಣದಲ್ಲಿ ಆಗುವ ಸಾಧ್ಯತೆ ಇದೆ. ತುಂಗೆಯಿಂದ 17.4, ಭದ್ರೆಯಿಂದ 12.5, ಒಟ್ಟು 29.9 ಟಿಎಂಸಿ ಅಡಿ ನೀರನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಸೂಕ್ಷ್ಮ ನೀರಾವರಿಯ ಮೂಲಕ ಕೊಡುವುದು, 367 ಕೆರೆಗಳನ್ನು ತುಂಬಿಸುವುದು ಯೋಜನೆಯ ಉದ್ದೇಶ. 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಯ ಸುತ್ತಲೇ ಸಾರ್ವಜನಿಕ ಚರ್ಚೆ ನಡೆಯುತ್ತಿದೆ. ನೀರಿನ ಚರ್ಚೆ ಅಷ್ಟಾಗಿ ಇಲ್ಲ. 29.9 ಟಿಎಂಸಿ ಅಡಿಯಲ್ಲಿ ಒಂದು ಹನಿಯೂ ಆವಿಯಾಗದೆ, ಸೋರದೆ, ಕೆರೆಗೂ ಹೋಗದೆ ಪೂರ್ತಿ ಹೊಲಕ್ಕೇ ಬಂತು ಎಂದುಕೊಂಡರೂ ಎಕರೆಗೆ ವರ್ಷಕ್ಕೆ ಸಿಗುವುದು ಸುಮಾರು 15 ಲಕ್ಷ ಲೀಟರ್. ಮೇಲೆ ಹೇಳಿದ ಒಂದು ಎಕರೆ ಅಡಿಕೆ ತೋಟ ಬೇಸಿಗೆಯ ನಾಲ್ಕು ತಿಂಗಳಲ್ಲೇ 13 ಲಕ್ಷ ಲೀಟರ್ ಕುಡಿಯುತ್ತದೆ. ಸೋರಿಕೆ, ಆವಿ, ಕೆರೆಗಳ ಪಾಲು ಕಳೆದರೆ ತೋಟಕ್ಕೆ ಬೇಕಾದಷ್ಟು ಉಳಿಯುವುದೇ ಇಲ್ಲ. ಮುಂದಿನ ನೀರನ್ನು ನಂಬಿ ನಾಲೆಯ ಮೇಲ್ಭಾಗದವರು ಈಗಲೇ ತೋಟ ಹಾಕಿದರೆ, ಕೊನೆಯ ಭಾಗದ ಶೇಂಗಾ, ತೊಗರಿ, ಈರುಳ್ಳಿ ರೈತನಿಗೆ ಪೈಪು ಬರುತ್ತದೆ, ನೀರು ಬರುವುದಿಲ್ಲ. ಹೊಸ ಅಚ್ಚುಕಟ್ಟಿನ ಪ್ರತಿ ವಾಲ್ವಿಗೂ ಒಂದು ಸಂಘ, ಆ ಸಂಘಕ್ಕೆ ಅಳೆದು ಬರೆದುಕೊಟ್ಟ ಪಾಲು, ಕೆಳಭಾಗದ ರೈತರಿಗೂ ಭೂಮಿ ಇಲ್ಲದ ಕುಟುಂಬಗಳಿಗೂ ಹೆಂಗಸರಿಗೂ ಅದರಲ್ಲಿ ಮತ, ತನ್ನ ಪಾಲನ್ನು ಒಂದು ಹಂಗಾಮಿನ ಮಟ್ಟಿಗೆ ಸಂಘದೊಳಗೇ ಇನ್ನೊಬ್ಬರಿಗೆ ಬೆಲೆಗೆ ಬಿಟ್ಟುಕೊಡುವ ಅವಕಾಶ, ಹೊರಗಿನವರಿಗೆ ಮಾರುವುದಕ್ಕೆ ನಿಷೇಧ: ಇವಿಷ್ಟನ್ನು ನೀರು ಹರಿಯುವ ಮೊದಲೇ ಮಾಡಬಹುದು, ಇದಕ್ಕೆ ಕೇಂದ್ರದ ಅನುದಾನ ಬೇಕಾಗಿಲ್ಲ. ನೀರು ಹರಿದು, ಮೇಲ್ಭಾಗದಲ್ಲಿ ಒಂದೊಂದು ತೋಟವೂ ಕಾಯಿ ಬಿಡತೊಡಗಿದ ಮೇಲೆ ಅದರ ನೀರನ್ನು ಕಡಿತ ಮಾಡುವ ಧೈರ್ಯ ಯಾವ ಸಂಘಕ್ಕೂ, ಯಾವ ಸರ್ಕಾರಕ್ಕೂ ಬರುವುದಿಲ್ಲ. ಭದ್ರಾ ನಾಲೆಯಲ್ಲಿ ಈಗ ಆಗುತ್ತಿರುವುದು ಅದೇ.